ರಾವ್ ಅವರು ಎಳೆದ ಗೆರೆ

ಕ್ವಾಂಟಂ ಗಣಕ, ಕೃತಕ ಬುದ್ಧಿಮತ್ತೆ, ಆರೋಗ್ಯ ಎಂಬ ಮೂರು ಮಾತುಗಳು ಈಗೀಗ ಪತ್ರಿಕೆಗಳಲ್ಲಿ ಒಟ್ಟೊಟ್ಟಿಗೇ ಕಾಣಿಸಿಕೊಳ್ಳುತ್ತವೆ. ಅವನ್ನು ಕಂಡೊಡನೆ ನಮ್ಮ ಬಿ.ಎ. ತರಗತಿಯ ಮಿತ್ರರಲ್ಲಿ ಬಹುಮಂದಿ ಪುಟ ತಿರುಗಿಸಿಬಿಡುತ್ತಾರೆ. "ಅದು ಬೆಂಗಳೂರಿನ ಇಂಜಿನಿಯರುಗಳ ಮಾತು, ನಮಗೇತಕ್ಕೆ?" ಎಂಬುದು ಅವರ ವಾದ. ಈ ವಾದ ಸರಿಯಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಈ ಮೂರು ವಿದ್ಯೆಗಳಿಗೂ ಸಲ್ಲುವ ಒಂದು ಕೆಲಸವನ್ನು ಮಾಡಿದವರು ಹುಟ್ಟಿದುದು ನಮ್ಮ ತುಂಗಭದ್ರೆಯ ಆಚೆಯ ದಂಡೆಯ ಸೀಮೆಯಲ್ಲಿಯೇ. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರನ್ನು ಕುರಿತು ಹೇಳುತ್ತಿದ್ದೇನೆ. ಅಂದು ಆ ಊರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಅವರ ಮನೆಮಾತು ತೆಲುಗು, ಓದು ಬೆಳೆದುದು ಆಂಧ್ರದಲ್ಲಿ. ಆದುದರಿಂದ "ನಮ್ಮವರು, ನಮ್ಮವರು" ಎಂದು ಎದೆ ತಟ್ಟಿಕೊಳ್ಳುವುದು ನನಗೆ ಅಷ್ಟು ಯುಕ್ತವಾಗಿ ತೋರುವುದಿಲ್ಲ. ಹುಟ್ಟಿದೂರನ್ನು ಹೇಳಿ ಮುಂದೆ ಹೋಗುವುದು ಲೇಸು.

ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿ, ಕೆಲಸ ಅರಸಿಕೊಂಡು ಕಲಕತ್ತೆಗೆ ಹೋದ ಈ ತರುಣ 1941ರಲ್ಲಿ ಅಲ್ಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಮುಂದೆ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. ಮಾದರಿಗಳು ಅಸಂಖ್ಯವಾಗಿದ್ದಾಗ ನೀವು ಹೇಳುವ ನಿಯಮ ನಿಲ್ಲುತ್ತದೆ. ಕೈಯಲ್ಲಿರುವುದು ಕೆಲವೇ ಮಾದರಿಗಳಾದರೆ ಏನು ಹೇಳಬಲ್ಲಿರಿ? ಉಪಾಧ್ಯಾಯರ ಬಳಿ ಉತ್ತರವಿರಲಿಲ್ಲ. ಅದೇ ರಾತ್ರಿ ಕುಳಿತು ಅದನ್ನು ಸಾಧಿಸಿ ಮರುದಿನ ತರಗತಿಗೆ ತಂದರು. 1945ರಲ್ಲಿ ಕಲಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಅವರ ಪ್ರಬಂಧದಲ್ಲಿ ಆ ಉತ್ತರವಿದೆ. ಸ್ವೀಡನ್ನಿನ ಕ್ರಾಮೆರ್ ಎಂಬ ಪಂಡಿತರೂ ಸ್ವತಂತ್ರವಾಗಿ ಅದನ್ನೇ ಕಂಡುದರಿಂದ ಲೋಕವು ಅದನ್ನು ಕ್ರಾಮೆರ್-ರಾವ್ ಮಿತಿ ಎಂದು ಕರೆಯುತ್ತದೆ.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಯಾರೆಂಬುದನ್ನು ಹೇಳದಿರಲಾರೆ. ಅವರು ವಿ. ಎಂ. ದಾಂಡೇಕರ್. 1971ರಲ್ಲಿ ನೀಲಕಂಠ ರಥರೊಡನೆ ಭಾರತದ ಬಡತನವನ್ನು ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞರು ಅವರೇ! ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಬಡತನದ ರೇಖೆ ಎಂದಾಗಲೆಲ್ಲ ಅವರ ಹೆಸರು ಬರುತ್ತದೆ. ಹಡಗಲಿಯವರ ಗೆರೆಗೂ ಬಡವರ ಗೆರೆಗೂ ಒಂದೇ ಕೊಠಡಿಯ ನಂಟಿರುವುದು ಎಷ್ಟು ಮಂದಿಗೆ ಗೊತ್ತು?

ಮಿತಿ ಎಂದರೇನು? ನಮ್ಮ ನೆಲ್ಲಿನ ಗದ್ದೆಯಿಂದಲೇ ಹೇಳುತ್ತೇನೆ. ಸುಗ್ಗಿಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವುದನ್ನು ಸಾಲಗುಂದದಲ್ಲಿ ಎಲ್ಲರೂ ಕಂಡಿದ್ದೇವೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಣುಕನ್ನು ಅಳೆದು, ಕೊಯ್ದು, ತೂಗುತ್ತಾರೆ. ಇಂಥ ಕೆಲವೇ ತುಣುಕುಗಳಿಂದ ಇಡೀ ಪಂಚಾಯತಿಯ ಇಳುವರಿಯನ್ನು ಊಹಿಸುತ್ತಾರೆ. ರೈತನಿಗೆ ವಿಮೆಯ ಹಣ ಬರುವುದೂ ಬಾರದಿರುವುದೂ ಆ ಊಹೆಯ ಮೇಲೆ ನಿಂತಿದೆ. ಲೆಕ್ಕ ಹಾಕುವವನು ಎಷ್ಟೇ ಜಾಣನಾಗಿರಲಿ, ಪಕ್ಷಪಾತವಿಲ್ಲದ ಅವನ ಅಂದಾಜಿನ ಅಲುಗಾಟವನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾಗದು. ಆ ಮಟ್ಟವನ್ನು ನಿರ್ಧರಿಸುವುದು ಅವನ ಜಾಣ್ಮೆಯಲ್ಲ, ತುಣುಕುಗಳಲ್ಲಿ ಅಡಗಿರುವ ಮಾಹಿತಿಯ ಮೊತ್ತ. ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ತುಣುಕುಗಳು ನಾಲ್ಕು ಪಟ್ಟು ಆಗಬೇಕು. ಇದು ರಾವ್ ಅವರು ಎಳೆದ ಗೆರೆ.

ಈ ಗೆರೆ ಎಲ್ಲೆಲ್ಲಿಗೆ ಹೋಯಿತೆಂಬುದು ಸೋಜಿಗದ ಸಂಗತಿ. 1967ರಲ್ಲಿ ಅಮೆರಿಕದ ಹೆಲ್‌ಸ್ಟ್ರಾಮ್ ಅದನ್ನು ಕ್ವಾಂಟಂ ಲೋಕಕ್ಕೆ ಒಯ್ದರು. ಒಂದಕ್ಕೊಂದು ಹೆಣೆದುಕೊಂಡ ಕಣಗಳಿಂದ ಅಳೆದರೆ, ಸದ್ದುಗದ್ದಲವಿಲ್ಲದ ಆದರ್ಶ ಸ್ಥಿತಿಯಲ್ಲಿ, ನಾಲ್ಕು ಪಟ್ಟು ಕಣಗಳಿಗೆ ತಪ್ಪು ಅರ್ಧಕ್ಕಲ್ಲ, ಕಾಲು ಭಾಗಕ್ಕೇ ಇಳಿಯಬಲ್ಲದು. ಕ್ವಾಂಟಂ ಅಳತೆಯ ಆಸೆಯೆಲ್ಲ ಇಲ್ಲಿದೆ. ಅದೇ 1945ರ ಪ್ರಬಂಧದಲ್ಲಿ ರಾವ್ ಅವರು ಎರಡು ಸಂಭಾವ್ಯತೆಗಳ ನಡುವಣ ದೂರವನ್ನು ಅಳೆಯುವ ಕ್ರಮವನ್ನೂ ಹೇಳಿದ್ದರು. ಜಪಾನಿನ ಅಮಾರಿಯವರು 1998ರಲ್ಲಿ ಯಂತ್ರಗಳಿಗೆ ಕಲಿಸುವ ಒಂದು ಬಗೆಯನ್ನು ಕಟ್ಟಿದುದು ಈ ಬಗೆಯ ದೂರದ ಮೇಲೆಯೇ. ಇನ್ನು ಆಸ್ಪತ್ರೆಯ ಎಂ.ಆರ್.ಐ. ಯಂತ್ರದಲ್ಲಿ ಯಾವ ಕ್ರಮದಲ್ಲಿ ಅಳೆದರೆ ಹೆಚ್ಚು ಖಚಿತ ಎಂಬುದನ್ನು ತಜ್ಞರು ಇದೇ ಮಿತಿಯಿಂದ ಪರೀಕ್ಷಿಸುತ್ತಾರೆ. ರಾವ್ ಅವರು ಈ ಮೂರನ್ನೂ ತಾವೇ ಮಾಡಿದರೆಂದು ನಾನು ಹೇಳುತ್ತಿಲ್ಲ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಮಾಡಿದ ಒಂದು ಕೆಲಸ ಮೂರೂ ಮನೆಗಳ ತೊಲೆಯಾಯಿತೆನ್ನುತ್ತೇನೆ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷದ ಆಗಸ್ಟಿನಲ್ಲಿ, ನೂರ ಎರಡರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅದೇ 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಗಣಕದ ವಿಭಾಗಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರವಾಯಿತು. ಸಂತೋಷದ ಸುದ್ದಿಯೇ. ಆದರೆ ಯಂತ್ರ ಎಷ್ಟು ವೇಗವಾದರೇನು, ಅಂಕಿಗಳಲ್ಲಿ ಇಲ್ಲದುದನ್ನು ಅದು ಎಲ್ಲಿಂದ ತಂದೀತು? ಬಾವಿಯಲ್ಲಿ ಇದ್ದರೆ ತಾನೆ ಕೊಡಕ್ಕೆ ಬರುವುದು?

ಅಂಕಿ ಕಡಮೆಯಾದರೆ ಅಂದಾಜು ಅಲುಗುತ್ತದೆ. ಅಂಕಿಯೇ ವಾರೆಯಾದರೆ? ಅದು ಬೇರೆಯೇ ರೋಗ, ಇನ್ನೂ ಕೆಟ್ಟದ್ದು. 2019ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಗಣಕ ಕ್ರಮವನ್ನು ಪರೀಕ್ಷಿಸಿದರು. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕೆಂದು ಅದು ಹೇಳಬೇಕಾಗಿತ್ತು. ಅದು ನೋಡುತ್ತಿದ್ದುದು ರೋಗವನ್ನಲ್ಲ, ರೋಗಿಯ ಹೆಸರಿನಲ್ಲಿ ಆಗುವ ಖರ್ಚನ್ನು. ಕರಿಯ ಜನರ ಮೇಲೆ ಖರ್ಚಾಗುತ್ತಿದ್ದುದು ಕಡಮೆ. ಆದುದರಿಂದ ಅವರು ಆರೋಗ್ಯವಂತರೆಂದು ಯಂತ್ರ ತಿಳಿಯಿತು. ಆ ವಾರೆಯನ್ನು ನೇರಗೊಳಿಸಿದರೆ ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಕರಿಯರ ಪಾಲು ನೂರಕ್ಕೆ 17.7ರಿಂದ 46.5ಕ್ಕೆ ಏರುತ್ತದೆಂದು ಅವರು ಲೆಕ್ಕ ತೋರಿಸಿದರು.

ಇದನ್ನು ಓದಿದಾಗ ನನಗೆ ನೆನಪಾದವಳು ನಮ್ಮ ಅವ್ವ. ನಾಟಿಯ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ ನಿಲ್ಲುವ ಅವಳಿಗೆ ಸೊಂಟದ ನೋವು ಬಂದು ಎಷ್ಟೋ ವರ್ಷಗಳಾದವು. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆಂದು ಅವಳು ಹೋಗುವುದಿಲ್ಲ. ಅವಳ ಹೆಸರಿನಲ್ಲಿ ಚೀಟಿಯಿಲ್ಲ, ಬಿಲ್ಲಿಲ್ಲ, ಖರ್ಚಿಲ್ಲ. ಆ ಯಂತ್ರದ ಮುಂದೆ ನಿಲ್ಲಿಸಿದರೆ ಅವಳಿಗಿಂತ ಗಟ್ಟಿಮುಟ್ಟಾದ ಹೆಂಗಸು ಈ ತಾಲ್ಲೂಕಿನಲ್ಲೇ ಇಲ್ಲವೆಂದೀತು!

ಈ ತಪ್ಪನ್ನು ಯಾರು ಕಂಡುಹಿಡಿಯಬೇಕು? ಗಣಕದ ಮುಂದೆ ಕುಳಿತವನಿಗೆ ಕೂಲಿಯ ಲೆಕ್ಕ ತಿಳಿಯದು. ಅದು ತಿಳಿದಿರುವುದು ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವ, ಕೂಲಿ ಮಾಡುವವರ ಮನೆಗಳಿಂದ ಬಂದ ನಮಗೆ. ಆದರೆ ನಮಗೆ ಎಣಿಸುವ ವಿದ್ಯೆ ತಿಳಿಯದು. ನಮ್ಮಲ್ಲಿ ಹಲವರು ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಬಿ.ಎ. ಸೇರಿದವರು. "ಇದ್ದ ಪಾಠ ಮುಗಿಸುವುದೇ ಕಷ್ಟ, ಇದೊಂದು ಬೇರೆ ಹೊರೆಯೆ?" ಎಂದು ಗುರುಗಳು ಕೇಳಬಹುದು. ಮಾತಿನಲ್ಲಿ ಸತ್ಯವಿದೆ. ನಾನು ಕೇಳುತ್ತಿರುವುದು ಹೊಸ ಪದವಿಯನ್ನಲ್ಲ. ವಾರಕ್ಕೆ ಒಂದು ಗಂಟೆ ಸಂಖ್ಯಾಶಾಸ್ತ್ರದ ಪಾಠ, ವಾಚನಾಲಯದಲ್ಲಿ ಅದಕ್ಕೆ ನಾಲ್ಕು ಕನ್ನಡ ಪುಸ್ತಕ, ವರ್ಷಕ್ಕೆ ಒಂದು ಸಮೀಕ್ಷೆ.

ಮೊದಲನೆಯ ಸಮೀಕ್ಷೆ ಸಾಲಗುಂದದಲ್ಲಿ ಆಗಲಿ. ಕಳೆದ ವರ್ಷ ನೋವಿದ್ದೂ ಆಸ್ಪತ್ರೆಗೆ ಹೋಗದವರು ಎಷ್ಟು ಮಂದಿ, ಹೋಗದಿದ್ದುದು ಏಕೆ ಎಂಬ ಎರಡೇ ಪ್ರಶ್ನೆ ಸಾಕು. ಮನೆಗಳನ್ನು ಚೀಟಿ ಎತ್ತಿ ಆರಿಸಬೇಕು, ಪರಿಚಯದವರ ಮನೆಗೆ ಮಾತ್ರ ಹೋಗಿಬಿಡಬಾರದು. ನಾಟಿಯ ದಿನಗಳಲ್ಲಿ ಹೋಗುವುದಾದರೆ ರಾತ್ರಿ ಎಂಟರ ಮೇಲೆ ಹೋಗಬೇಕು. ಅದಕ್ಕೆ ಮುಂಚೆ ಹೆಂಗಸರು ಮನೆಯಲ್ಲಿ ಸಿಗುವುದಿಲ್ಲ. ನಾನು ಈ ವರ್ಷ ಕಾಲೇಜು ಬಿಟ್ಟು ಹೋಗುವವನು. ಆದರೂ ದ್ವಿತೀಯ ಬಿ.ಎ.ಯ ಮಿತ್ರರು ಇದಕ್ಕೆ ಕೈಹಾಕುವುದಾದರೆ ಮನೆಮನೆಯ ದಾರಿ ತೋರಿಸಲು ನಾನು ಊರಿನಲ್ಲೇ ಇರುತ್ತೇನೆ.