ಪಾಂಡುವೋ, ವಿಠಲ್ ರಾವೋ?

2000ದ ದಶಕದಲ್ಲಿ ಈಟಿವಿ ಕನ್ನಡದಲ್ಲಿ ಪ್ರಸಾರವಾದ ‘ಪಾಪ ಪಾಂಡು’ವಿನ ಪಾಂಡು ಮೇಲೋ, ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲ್ ರಾವ್ ಮೇಲೋ? ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಮಿತ್ರರಲ್ಲಿ ಹೆಚ್ಚಿನವರು ಪಾಂಡುವಿನ ಪಕ್ಷ. ಚಿದಾನಂದರ ಅಭಿನಯಕ್ಕೆ ನಾನೂ ತಲೆದೂಗಿದವನೇ. ಆದರೆ ಹೆಂಡತಿ ಶ್ರೀಮತಿಯಿಂದ ಪೆಟ್ಟು ತಿನ್ನುವುದರಲ್ಲೇ ಅವನ ಹಾಸ್ಯವೆಲ್ಲ ಅಡಗಿದೆ. ಆ ಪೆಟ್ಟು ಶ್ರೀಮತಿಗೆ ಬಿದ್ದಿದ್ದರೆ ನಾವು ನಗುತ್ತಿದ್ದೆವೇ? ನೆರೆಮನೆಯ ಗೋಡೆಯಾಚೆಯಿಂದ ಅಂತಹ ಸದ್ದು ಕೇಳುತ್ತ ಬೆಳೆದವನು ನಾನು. ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

ರವಿಶಂಕರ್ ಗೌಡರ ವಿಠಲ್ ರಾವ್ ಹಾಗಲ್ಲ. ತನ್ನ ಜಂಬಕ್ಕೆ ತಾನೇ ಎಡವಿ ಬೀಳುತ್ತಾನೆ. ಮಂಗಳೂರಿನ ಬಯಲಾಟಗಳಲ್ಲಿ ದೂತನಾಗಿ ಬರುವ ಹಾಸ್ಯಗಾರನೂ ಅರಸನ ಜಂಬವನ್ನೇ ಅಲ್ಲವೇ ಕೆಣಕುವುದು? “ಹೆಂಗಸಿನ ಪೆಟ್ಟೂ ಒಂದು ಪೆಟ್ಟೇ!” ಎಂದು ಮಿತ್ರರು ನಕ್ಕರು. ನಾನು ನಗಲಿಲ್ಲ.