ಸುಲಭವಾದುದು ಕೀಳಲ್ಲ



ಸಂಗೀತ ಕಲಿಯುವ ಮಕ್ಕಳ ವಿಷಯದಲ್ಲಿ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ ಒಂದು ಅವಸರ ಬೇರೂರಿದೆ. ಮಗು ವೀಣೆಯನ್ನೋ ಗಿಟಾರನ್ನೋ ಕೈಗೆತ್ತಿಕೊಂಡು ವರ್ಷ ತುಂಬುವ ಮೊದಲೇ "ಇನ್ನೂ ಗೀತೆಯಲ್ಲೇ ಇದ್ದಾಳೆಯೇ? ಕೃತಿ ಯಾವಾಗ? ಜೂನಿಯರ್ ಪರೀಕ್ಷೆ ಯಾವಾಗ?" ಎಂಬ ವಿಚಾರಣೆ ಆರಂಭವಾಗುತ್ತದೆ. ಆ "ಇನ್ನೂ" ಎಂಬ ಪದದ ಮೇಲೆಯೇ ನನ್ನ ಆಕ್ಷೇಪ. ಸುಲಭವಾದ ರಚನೆಯನ್ನು ಬೇಗನೆ ದಾಟಿ ಮರೆತುಬಿಡಬೇಕಾದ ಕಾಲುಸಂಕವೆಂದು ಎಣಿಸುವುದು ಮಗುವಿಗೂ ಸಂಗೀತಕ್ಕೂ ಮಾಡುವ ಅನ್ಯಾಯ.

ಪುರಂದರದಾಸರ ಪಿಳ್ಳಾರಿ ಗೀತೆಗಳನ್ನೇ ನೋಡಿ. ಅವುಗಳ ಮಲಹರಿ ರಾಗದಲ್ಲಿ ನಿಷಾದವಿಲ್ಲ. ಗಾಂಧಾರವು ಅವರೋಹಣದಲ್ಲಿ ಮಾತ್ರ ಬರುತ್ತದೆ. ಸರಳೆ, ಜಂಟಿ ವರಸೆಗಳಲ್ಲಿ ಮಾಯಾಮಾಳವಗೌಳದ ಏಳೂ ಸ್ವರಗಳನ್ನು ಏರಿಳಿದು ಬಂದ ಮಗು, ಅವುಗಳಲ್ಲಿ ಒಂದನ್ನು ಬಿಟ್ಟು, ಇನ್ನೊಂದನ್ನು ಇಳಿಯುವಾಗಷ್ಟೇ ಮುಟ್ಟಿದರೆ ಬೇರೊಂದು ರಾಗವೇ ಮೈದಳೆಯುವುದನ್ನು ಇಲ್ಲಿ ಮೊದಲು ಕಾಣುತ್ತದೆ. ಇದು ಸಣ್ಣ ಪಾಠವೇ?

ಪಾಶ್ಚಾತ್ಯರಲ್ಲಿಯೂ ಈ ವಿವೇಕವುಂಟು. ಸ್ಪೇನಿನಲ್ಲಿ ಹುಟ್ಟಿದ ಫರ್ನಾಂಡೋ ಸೋರ್ (1778–1839) ಗಿಟಾರಿಗೆ ಅತಿ ಕಠಿಣವಾದ ರಚನೆಗಳನ್ನು ಬರೆದ ಪ್ರವೀಣ. ಅದೇ ವ್ಯಕ್ತಿ ತನ್ನ ಬದುಕಿನ ಕೊನೆಯ ವರ್ಷಗಳಲ್ಲಿ, ಅರುವತ್ತನೆಯ ಕೃತಿಯಾಗಿ, ಆರಂಭಿಕರಿಗೆಂದೇ 25 ಸರಳ ಪಾಠಗಳನ್ನು ರಚಿಸಿದ. ಸುಲಭವಾದುದು ಕೀಳೆಂದು ಆತ ತಿಳಿದಿರಲಿಲ್ಲ.

ವೀಣೆಯಾಗಲಿ ಗಿಟಾರಾಗಲಿ, ಮೀಟಿದ ಕ್ಷಣದಿಂದಲೇ ತಂತಿಯ ನಾದ ಕ್ಷೀಣಿಸತೊಡಗುತ್ತದೆ. ವಿಳಂಬದ ಸರಳ ಸಂಚಾರದಲ್ಲಿ ಆ ನಾದ ಎಲ್ಲಿ ತುಂಡಾಯಿತು, ಬೆರಳು ಎಲ್ಲಿ ಅವಸರಪಟ್ಟಿತು ಎಂಬುದು ಕೇಳುವವರಿಗೆಲ್ಲ ತಿಳಿಯುತ್ತದೆ. ವೇಗದ ರಚನೆಯಲ್ಲಿ ನೂರು ದೋಷಗಳು ಅಡಗಿಕೊಳ್ಳಬಹುದು. ಗೀತೆಯಲ್ಲಿ ಅಡಗುವ ತಾಣವಿಲ್ಲ.

"ಸುಲಭವಾದುದನ್ನೇ ನುಡಿಸುತ್ತಿದ್ದರೆ ಬೇಸರ ಬರುವುದಿಲ್ಲವೇ? ಮುನ್ನಡೆ ಹೇಗೆ?" ಎಂದು ಕೆಲವರು ಕೇಳುತ್ತಾರೆ. ಮುನ್ನಡೆ ಬೇಡವೆಂದು ನಾನು ಹೇಳಲಿಲ್ಲ. ವರ್ಣ ಬರಲಿ, ಕೃತಿಯೂ ಬರಲಿ. ಆದರೆ ಗೀತೆ ಜೊತೆಯಲ್ಲಿಯೇ ಉಳಿಯಲಿ. ಕಾವ್ಯವನ್ನು ಓದಲು ಕಲಿತವರು ಅಕ್ಷರಗಳನ್ನು ಬಿಟ್ಟುಬಿಡುತ್ತಾರೆಯೇ? ಇನ್ನು ಬೇಸರದ ಮಾತು: ಕೈಗೆಟುಕದ ರಚನೆಯೊಡನೆ ದಿನವೂ ಸೆಣಸಿ ದಿನವೂ ಸೋಲುವುದಕ್ಕಿಂತ ದೊಡ್ಡ ಬೇಸರ ಯಾವುದಿದೆ? ಮಕ್ಕಳು ಸಂಗೀತವನ್ನು ತೊರೆಯುವುದು ಬಹುಮಟ್ಟಿಗೆ ಅಲ್ಲಿಯೇ.

ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಬೇರೆಯದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ವೀಣೆಯು ಬಟ್ಟೆಯ ಗವಸು ಹೊದ್ದು ಮೂಲೆ ಸೇರಿದೆ. ಬಾಲ್ಯದಲ್ಲಿ ಅದನ್ನು ನುಡಿಸಿದ ಹೆಣ್ಣುಮಕ್ಕಳು, "ಈಗ ಏನೂ ಬರುವುದಿಲ್ಲ" ಎಂದು ನಾಚುತ್ತಾರೆ. ನಿತ್ಯಸಾಧನೆ ತಪ್ಪಿದೊಡನೆ ಕಠಿಣವಾದವು ಕೈಬಿಟ್ಟವು. ಸುಲಭವಾದವನ್ನು ನುಡಿಸುವುದು ಅವಮಾನವೆಂದು ಯಾರೋ ಎಂದೋ ಕಲಿಸಿದ್ದರು. ಹೀಗೆ ಒಂದು ಜೀವಮಾನದ ಆನಂದ ಮೌನವಾಯಿತು.

ಅಂಥವರು ನನ್ನ ಶಿಷ್ಯೆಯರಲ್ಲಿಯೂ ಇದ್ದೀರಿ. ಗವಸು ತೆಗೆಯಿರಿ, ತಂತಿಗಳನ್ನು ಶ್ರುತಿ ಮಾಡಿ, ಮಲಹರಿಯ ಒಂದು ಗೀತೆಯನ್ನು ನಿಧಾನವಾಗಿ ನುಡಿಸಿರಿ. ಮಕ್ಕಳು ಕೇಳಿಸಿಕೊಳ್ಳಲಿ. ಅದೂ ಸಂಗೀತವೇ, ಪೂರ್ಣವಾದ ಸಂಗೀತ.