ಪ್ರಮಾಣವಚನಕ್ಕೆ ಮುಂಚಿನ ಕೀತ್ ಎಲಿಸನ್

2007ರ ಜನವರಿ 4ರಂದು ಕೀತ್ ಎಲಿಸನ್ ಪವಿತ್ರ ಕುರ್‌ಆನ್‌ನ ಮೇಲೆ ಕೈಯಿರಿಸಿ ನಿಂತ ಚಿತ್ರವನ್ನು ನಮ್ಮಲ್ಲಿ ಅನೇಕರು ಇಂದಿಗೂ ಮರೆತಿಲ್ಲ. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಪ್ರಥಮ ಮುಸ್ಲಿಮ್ ಅವರು. ಆ ಚಿತ್ರ ಕಂಡು ನಾವೂ ಹರ್ಷಿಸಿದೆವು. ಆದರೆ ಅದಕ್ಕೆ ಹಿಂದಿನ ಹದಿನಾರು ವರ್ಷಗಳ ಕಾಲ ಆ ಮನುಷ್ಯ ಏನು ಮಾಡುತ್ತಿದ್ದರೆಂದು ನಾವು ಕೇಳಲಿಲ್ಲ. ನಮ್ಮ ಸಮುದಾಯದ ರಾಜಕೀಯ ದಾರಿದ್ರ್ಯದ ಮೂಲ ಕೇಳದೆ ಉಳಿದ ಆ ಪ್ರಶ್ನೆಯಲ್ಲೇ ಇದೆಯೆಂದು ನಮಗನಿಸುತ್ತದೆ.

ಎಲಿಸನ್ 1963ರಲ್ಲಿ ಡೆಟ್ರಾಯ್ಟ್ ನಗರದ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮನೋವೈದ್ಯರು, ತಾಯಿ ಸಮಾಜ ಕಾರ್ಯಕರ್ತೆ. ತಾಯಿಯ ತಂದೆ ಲೂಯಿಸಿಯಾನಾದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ದುಡಿದವರು. ಐವರು ಸಹೋದರರಲ್ಲಿ ನಾಲ್ವರು ವಕೀಲರಾದರು, ಒಬ್ಬರು ವೈದ್ಯರಾದರು. (ನಮ್ಮ ಮನೆಗಳಲ್ಲಾಗಿದ್ದರೆ ಈ ಲೆಕ್ಕ ತಿರುಗುಮುರುಗಾಗುತ್ತಿತ್ತು.) ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಇಸ್ಲಾಮ್ ಸ್ವೀಕರಿಸಿದರು. 1990ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿ ಪಡೆದರು.

ಕೆಲವು ವರ್ಷ ಖಾಸಗಿ ವಕೀಲ ಸಂಸ್ಥೆಯೊಂದರಲ್ಲಿದ್ದು, ಅನಂತರ ಆ ದಾರಿ ಬಿಟ್ಟು ಮಿನ್ನಿಯಾಪೊಲಿಸ್‌ನ ಲೀಗಲ್ ರೈಟ್ಸ್ ಸೆಂಟರ್‌ನ ಹೊಣೆ ವಹಿಸಿಕೊಂಡರು. ವಕೀಲರ ಶುಲ್ಕ ಭರಿಸಲಾಗದ ಬಡವರ ಪರವಾಗಿ, ಮುಖ್ಯವಾಗಿ ಕರಿಯರು ಮತ್ತು ಮೂಲನಿವಾಸಿಗಳ ಪರವಾಗಿ, ಕ್ರಿಮಿನಲ್ ಮೊಕದ್ದಮೆಗಳಲ್ಲಿ ವಾದಿಸುವ ಸಂಸ್ಥೆಯದು. ಇದರ ಜೊತೆಗೆ ಸ್ಥಳೀಯ ರೇಡಿಯೊದಲ್ಲಿ ಸಾರ್ವಜನಿಕ ಸಮಸ್ಯೆಗಳ ಕುರಿತು ಕಾರ್ಯಕ್ರಮ ನಡೆಸಿಕೊಟ್ಟರು, ಬಡ ಬಡಾವಣೆಗಳ ಪರಿಸರ ಮಾಲಿನ್ಯದ ವಿರುದ್ಧ ಸಂಘಟನೆ ಕಟ್ಟಿದರು. 2002ರಲ್ಲಿ ರಾಜ್ಯ ಶಾಸನಸಭೆಗೆ, 2006ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಅವರ ಕ್ಷೇತ್ರದಲ್ಲಿ ಬಿಳಿಯರೇ ಬಹುಸಂಖ್ಯಾತರು, ಮುಸ್ಲಿಮರು ಅಲ್ಪಸಂಖ್ಯಾತರು. ಆದರೂ ಅವರಿಗೆ ಶೇ. 56ರಷ್ಟು ಮತ ದೊರೆಯಿತು. ಆ ಜನರು ಮತ ನೀಡಿದ್ದು ಮುಸ್ಲಿಮ್ ಮುಖಂಡನಿಗಲ್ಲ, ತಮ್ಮ ವಕೀಲನಿಗೆ.

ಪ್ರಮಾಣವಚನದ ಗದ್ದಲವನ್ನೂ ಇಲ್ಲಿ ಸ್ಮರಿಸಬೇಕು. ವಾಸ್ತವದಲ್ಲಿ ಸದನದೊಳಗೆ ಸದಸ್ಯರೆಲ್ಲ ಸಾಮೂಹಿಕವಾಗಿ ಕೈಯೆತ್ತಿ ಪ್ರಮಾಣ ಸ್ವೀಕರಿಸುತ್ತಾರೆ. ಗ್ರಂಥ ಹಿಡಿಯುವುದು ಆಮೇಲೆ ಛಾಯಾಚಿತ್ರಕ್ಕಾಗಿ ನಡೆಯುವ ಖಾಸಗಿ ಸಮಾರಂಭದಲ್ಲಿ ಮಾತ್ರ. ಸಾರ್ವಜನಿಕ ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದೆಂದು ಅಮೆರಿಕದ ಸಂವಿಧಾನದ ಆರನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ರೇಡಿಯೊ ಭಾಷಣಕಾರ ಡೆನಿಸ್ ಪ್ರೇಗರ್ ಇದನ್ನು ದೇಶಕ್ಕೇ ಒದಗಿದ ಅಪಾಯವೆಂಬಂತೆ ಬಿಂಬಿಸಿದರು. ವಲಸೆಯನ್ನು ನಿಯಂತ್ರಿಸದಿದ್ದರೆ ಇಂತಹ ಮುಸ್ಲಿಮರು ಇನ್ನಷ್ಟು ಮಂದಿ ಆಯ್ಕೆಯಾಗುವರೆಂದು ವರ್ಜೀನಿಯಾದ ಸಂಸದ ವರ್ಜಿಲ್ ಗೂಡ್ ಪತ್ರ ಬರೆದರು. ತಮ್ಮ ಪೂರ್ವಜರು 1742ರಿಂದ ಈ ನೆಲದಲ್ಲಿದ್ದಾರೆಂದು ಹೇಳುತ್ತಿದ್ದ ವ್ಯಕ್ತಿಗೆ ವಲಸೆಯ ಪಾಠ!

ಎಲಿಸನ್ ಬೀದಿಗಿಳಿಯಲಿಲ್ಲ, ಶಾಪ ಹಾಕಲಿಲ್ಲ. ಸಂಸತ್ತಿನ ಗ್ರಂಥಾಲಯದಿಂದ, ಅಧ್ಯಕ್ಷ ಥಾಮಸ್ ಜೆಫರ್ಸನ್‌ರ ಸಂಗ್ರಹದಲ್ಲಿದ್ದ ಕುರ್‌ಆನ್ ಅನುವಾದವನ್ನು ತರಿಸಿಕೊಂಡರು. ಜಾರ್ಜ್ ಸೇಲ್ ಮಾಡಿದ ಆ ಇಂಗ್ಲಿಷ್ ಅನುವಾದವನ್ನು ಜೆಫರ್ಸನ್ 1765ರಲ್ಲಿ, ಕಾನೂನು ವಿದ್ಯಾರ್ಥಿಯಾಗಿದ್ದಾಗ ಖರೀದಿಸಿದ್ದರು. ಜೆಫರ್ಸನ್ ಮನೆಯಿದ್ದ ಪ್ರದೇಶ ಗೂಡ್ ಅವರ ಕ್ಷೇತ್ರದೊಳಗೇ ಇತ್ತು! ಮನುಷ್ಯರೆಲ್ಲ ಸಮಾನರೆಂದು ಬರೆದ ಜೆಫರ್ಸನ್ ಸ್ವತಃ ಗುಲಾಮರನ್ನು ಹೊಂದಿದ್ದರೆಂಬುದೂ ಸತ್ಯ. ಅವರ ಪುಸ್ತಕದ ಮೇಲೆ ಕರಿಯ ಮುಸ್ಲಿಮನೊಬ್ಬ ಕೈಯಿರಿಸಿದಾಗ ಇತಿಹಾಸದ ಒಂದು ಸಾಲ ತೀರಿದಂತೆ ನಮಗೆ ಕಂಡಿತು. 2008ರಲ್ಲಿ ಗೂಡ್ ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು.

ಎಲಿಸನ್ ದೋಷರಹಿತರೇನಲ್ಲ. ವಿದ್ಯಾರ್ಥಿ ದೆಸೆಯಲ್ಲಿ ಲೂಯಿ ಫರಾಖಾನ್‌ರನ್ನು ಸಮರ್ಥಿಸಿ ಬರೆದಿದ್ದರು. 2006ರಲ್ಲಿ ಅದನ್ನು ವಿರೋಧಿಗಳು ಕೆದಕಿದಾಗ ನುಣುಚಿಕೊಳ್ಳದೆ, ಫರಾಖಾನ್‌ರ ಯಹೂದಿ ದ್ವೇಷವನ್ನು ಆಗ ಸರಿಯಾಗಿ ಪರಾಮರ್ಶಿಸದೆ ಹೋದುದು ತಮ್ಮ ತಪ್ಪೆಂದು ಯಹೂದಿ ಸಂಘಟನೆಗೆ ಪತ್ರ ಬರೆದು ಒಪ್ಪಿಕೊಂಡರು. ತಪ್ಪೊಪ್ಪಿಗೆಯನ್ನು ಸೋಲೆಂದು ಭಾವಿಸುವ ನಮ್ಮ ಸಂಘಟನೆಗಳ ಪದಾಧಿಕಾರಿಗಳು ಈ ಪತ್ರದ ಸಂಗತಿಯನ್ನು ಗಮನಿಸಬೇಕು.

ಮಿತ್ರರ ವರ್ತನೆ ಇನ್ನೂ ನೋವಿನದು. 2008ರ ಚುನಾವಣೆಯಲ್ಲಿ ಒಬಾಮರ ಪರವಾಗಿ ಅಯೋವಾ ರಾಜ್ಯದ ಮಸೀದಿಯೊಂದರಲ್ಲಿ ಮಾತನಾಡಲು ಎಲಿಸನ್ ಮುಂದಾದಾಗ, ವಿವಾದವಾದೀತೆಂದು ಒಬಾಮರ ಪ್ರಚಾರ ತಂಡವೇ ಅದನ್ನು ರದ್ದುಪಡಿಸುವಂತೆ ಕೇಳಿತು. ಅದೇ ವರ್ಷ ಡೆಟ್ರಾಯ್ಟ್‌ನ ಸಭೆಯಲ್ಲಿ ಶಿರವಸ್ತ್ರ ಧರಿಸಿದ್ದ ಇಬ್ಬರು ಯುವತಿಯರಿಗೆ ವೇದಿಕೆಯ ಹಿಂಬದಿಯಲ್ಲಿ, ಕ್ಯಾಮರಾಗೆ ಕಾಣುವೆಡೆ ಕುಳ್ಳಿರಲು ಬಿಡಲಿಲ್ಲ. ಒಬಾಮ ಬಳಿಕ ಅವರ ಕ್ಷಮೆ ಯಾಚಿಸಿದರು. ಮತ ಬೇಕು, ಮುಖ ಬೇಡ ಎಂಬ ಈ ರೋಗ ನಮಗೇನೂ ಅಪರಿಚಿತವಲ್ಲ. ನಮ್ಮ ಜಾತ್ಯತೀತ ಪಕ್ಷಗಳಿಗೂ ಅದು ಹಳೆಯ ಕಾಯಿಲೆ. ಆದರೆ ಎಲಿಸನ್ ಮುನಿಸಿಕೊಂಡು ಮೂಲೆ ಸೇರಲಿಲ್ಲ. 2011ರಲ್ಲಿ ಪೀಟರ್ ಕಿಂಗ್ ಮುಸ್ಲಿಮರ ಉಗ್ರವಾದದ ಕುರಿತು ಸಂಸತ್ ಸಮಿತಿಯ ವಿಚಾರಣೆ ಏರ್ಪಡಿಸಿದಾಗ, 2001ರ ಸೆಪ್ಟೆಂಬರ್ 11ರಂದು ಸಹಜೀವಿಗಳ ರಕ್ಷಣೆಗೆ ಧಾವಿಸಿ ಮಡಿದು, ಬಳಿಕ ಶಂಕಿತನೆಂದು ನಿಂದಿಸಲ್ಪಟ್ಟ ಸಲ್ಮಾನ್ ಹಮ್ದಾನಿ ಎಂಬ 23ರ ತರುಣನ ಕಥೆ ಹೇಳುತ್ತಾ ಅವರು ಕಣ್ಣೀರಿಟ್ಟರು.

ಈಗ ನಮ್ಮ ಕಡೆ ನೋಡೋಣ. ಚುನಾವಣೆ ಘೋಷಣೆಯಾದ ವಾರದಲ್ಲೇ 'ಸಮುದಾಯದ ಮುಖಂಡ' ಎಂಬ ಕಾರ್ಡು ಮುದ್ರಿಸಿ ಟಿಕೆಟ್‌ಗಾಗಿ ಬೆಂಗಳೂರಿಗೆ ಓಡುವವರು ಪ್ರತಿ ಪಟ್ಟಣದಲ್ಲೂ ಇದ್ದಾರೆ. ಆದರೆ ಮಗನ ಜಾಮೀನಿಗಾಗಿ ತಾಲೂಕು ನ್ಯಾಯಾಲಯದ ಆವರಣದಲ್ಲಿ ದಾರಿ ಕಾಣದೆ ನಿಂತ ತಾಯಿಯ ಬಳಿ ಅವರು ಸುಳಿಯುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ವಯ ಮಹಿಳೆಯರು, ಮಕ್ಕಳು ಮತ್ತು ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು. ಈ ಒಂದು ಸಾಲನ್ನು ಎಷ್ಟು ಮಸೀದಿಗಳ ಸೂಚನಾ ಫಲಕದಲ್ಲಿ ಬರೆಯಲಾಗಿದೆ? ವೈದ್ಯಕೀಯ ಸೀಟಿಗಾಗಿ ಆಸ್ತಿ ಮಾರುವ ಹೆತ್ತವರು, ಕಾನೂನು ಓದುವೆನೆಂದ ಮಗಳಿಗೆ 'ಕೋರ್ಟು ಕಚೇರಿ ನಮಗೇಕೆ' ಎನ್ನುವುದೇಕೆ? ಕೋರ್ಟು ಕಚೇರಿ ನಮ್ಮನ್ನು ಬಿಟ್ಟಿಲ್ಲವಲ್ಲ!

ಹನ್ನೆರಡು ವರ್ಷಗಳ ಸಂಸತ್ ಸದಸ್ಯತ್ವದ ಬಳಿಕ ಎಲಿಸನ್ ದಿಲ್ಲಿಯಂತಹ ದರ್ಬಾರಿನಲ್ಲೇ ನೆಲೆಯೂರಲು ಬಯಸಲಿಲ್ಲ. 2018ರಲ್ಲಿ ಸಂಸತ್ತಿಗೆ ಮರುಸ್ಪರ್ಧಿಸದೆ ತಮ್ಮ ರಾಜ್ಯದ ಅಟಾರ್ನಿ ಜನರಲ್ ಹುದ್ದೆಗೆ ನಿಂತು ಗೆದ್ದರು. ಅವರು ತೆರವುಗೊಳಿಸಿದ ಸಂಸತ್ ಸ್ಥಾನಕ್ಕೆ ಸೊಮಾಲಿಯಾದಿಂದ ನಿರಾಶ್ರಿತೆಯಾಗಿ ಬಂದಿದ್ದ ಇಲ್ಹಾನ್ ಉಮರ್ ಆಯ್ಕೆಯಾದರು. 2020ರ ಮೇ 25ರಂದು ಮಿನ್ನಿಯಾಪೊಲಿಸ್‌ನ ಬೀದಿಯಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟಾಗ, ಗವರ್ನರ್ ಆ ಮೊಕದ್ದಮೆಯನ್ನು ಎಲಿಸನ್‌ಗೆ ಒಪ್ಪಿಸಿದರು. ಒಂದು ಕಾಲದಲ್ಲಿ ಅದೇ ನಗರದಲ್ಲಿ ಆರೋಪಿಗಳ ಪರ ನಿಲ್ಲುತ್ತಿದ್ದವರು ಈ ಬಾರಿ ಸರಕಾರದ ಪರ ನಿಂತರು. ಹೊರಗಿನ ಹಿರಿಯ ವಕೀಲರು ಶುಲ್ಕ ಪಡೆಯದೆ ಅವರ ತಂಡ ಸೇರಿದರು. 2021ರ ಏಪ್ರಿಲ್ 20ರಂದು ಡೆರೆಕ್ ಶಾವಿನ್ ತಪ್ಪಿತಸ್ಥನೆಂದು ಜ್ಯೂರಿ ತೀರ್ಪಿತ್ತಿತು. ಜೂನ್‌ನಲ್ಲಿ ಆತನಿಗೆ ಇಪ್ಪತ್ತೆರಡೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು.